ನಲವತ್ತಾರು ಗುಂಡುಗಳ ಡಬ್ಬಿ

ನಮ್ಮೂರಿನಲ್ಲಿ ಗಂಡಸಿನ ಮಾನ ಅವನ ಅಂಗಿಯ ಹಿಂತುದಿಯಲ್ಲಿರುತ್ತದೆ. ಜಿಂಕೆಗೆ ಗುಂಡು ಹಾರಿಸಿ ಗುರಿ ತಪ್ಪಿದವನನ್ನು ಅಂದು ಸಂಜೆಯೇ ಕಾಡಿನ ಬೇಟೆಮನೆಯಾದ ಕ್ಯಾಂಪಿನಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಿಸುತ್ತಾರೆ. ಅಂಗಿಯ ಹಿಂಭಾಗದಿಂದ ಒಂದು ಗೇಣು ಬಟ್ಟೆ ಕತ್ತರಿಸಿ, ಅದರ ಮೇಲೆ ಹೆಸರು, ಇಸವಿ ಬರೆದು ಗೋಡೆಗೆ ಮೊಳೆ ಹೊಡೆಯುತ್ತಾರೆ. ಅಳುವವನು ಅಳಬಹುದು, ಅಂಗಿ ಮಾತ್ರ ಕೊಡಲೇಬೇಕು. ರೂಡಿ ಪೆಲ್ಟೊಲಾನ ಕ್ಯಾಂಪಿನ ಗೋಡೆಯ ಮೇಲೆ ಅವನವೇ ಮೂರು ತುಂಡುಗಳಿದ್ದವು: ಒಂದು ಕೆಂಪು ಚೌಕಳಿ, ಒಂದು ಹಸಿರು ಚೌಕಳಿ, ಇನ್ನೊಂದು ಹೆಂಡತಿ ಐಲಾ ಕ್ರಿಸ್ಮಸ್ಸಿಗೆ ಕೊಟ್ಟಿದ್ದ ಹೊಚ್ಚಹೊಸ ನೀಲಿ ಫ್ಲಾನೆಲ್. ಮೂರು ವರ್ಷ, ಮೂರು ಜಿಂಕೆ, ಮೂರು ಅಂಗಿ. ಜಿಂಕೆಗಳು ಮೂರೂ ಆರೋಗ್ಯವಾಗಿದ್ದವು.

ರೂಡಿ ಕಾಗದದ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ದುಡಿದವನು. ಕಾರ್ಖಾನೆ ಮುಚ್ಚಿದ ಮೇಲೆ ರಸ್ತೆಯ ಹಿಮ ತಳ್ಳುವ ಜಿಲ್ಲೆಯ ಲಾರಿ ಓಡಿಸುತ್ತಿದ್ದ. ಒಳ್ಳೆಯ ಮನುಷ್ಯ. ಯಾರು ಯಾವ ಕಾಗದ ಮುಂದಿಟ್ಟರೂ ಸಹಿ ಹಾಕುವಷ್ಟು ಒಳ್ಳೆಯವನು. ಮಾರಲು ಬಾಗಿಲಿಗೆ ಬಂದವನ ಮನಸ್ಸು ನೋಯಬಾರದೆಂದು ಒಂದೇ ವರ್ಷದಲ್ಲಿ ಮೂರು ಕಸ ಹೀರುವ ಯಂತ್ರಗಳಿಗೆ ಸಹಿ ಹಾಕಿದವನು.

ಅಕ್ಟೋಬರ್ ಮೊದಲ ವಾರ, ಸಹಕಾರಿ ಅಂಗಡಿಯ ಕಾಫಿ ಮೇಜಿನಲ್ಲಿ ಅವನ ಪಕ್ಕದ ಕ್ಯಾಂಪಿನ ಬುಚ್ ಲಬಾಂಟಿ ಏಲಕ್ಕಿ ಬ್ರೆಡ್ಡನ್ನು ಕಾಫಿಗೆ ಅದ್ದುತ್ತ ಹೇಳಿದ:

"ರೂಡಿ, ಈ ಸಲ ಎರಡು ಅಂಗಿ ತಗೊಂಡ್ ಬಾರಪ್ಪ. ಒಂದು ಹಾಕ್ಕೊಳ್ಳೋಕೆ, ಒಂದು ಕತ್ತರಿಸೋಕೆ."

ಮೇಜಿನ ಸುತ್ತ ನಗು. ನಾನೂ ನಕ್ಕೆ. ಕಾಡಿನ ಕ್ಯಾಂಪುಗಳ ಸಾಲಿನಲ್ಲಿ ಹತ್ತೊಂಬತ್ತನೆಯದು ನನ್ನದು. ನಗುವ ಹಕ್ಕು ಇತ್ತು.

"ಈ ಸಲ ನಾನು ರೈಫಲ್ ಮುಟ್ಟಲ್ಲ," ಎಂದ ರೂಡಿ.

"ಮತ್ತೇನು, ಕಲ್ಲು ಹೊಡೀತೀಯಾ?"

"ರೈಫಲ್ಲಲ್ಲಿ ಯಾರು ಬೇಕಾದ್ರೂ ಹೊಡೀತಾರೆ ಕಣೋ. ಅಷ್ಟುದ್ದ ಕೊಳವೆ, ಜಿಂಕೆ ತಾನೇ ಬಂದು ತಗುಲಿಕೊಳ್ಳುತ್ತೆ. ಗಂಡಸಾದವನು ರಿವಾಲ್ವರ್‌ನಲ್ಲಿ ಹೊಡೀಬೇಕು."

ಇಷ್ಟು ಹೇಳುವವರೆಗೆ ಅವನು ಜೀವನದಲ್ಲಿ ರಿವಾಲ್ವರ್ ಮುಟ್ಟಿರಲಿಲ್ಲ. ಹೇಳಿದ ಮೇಲೆ ಬೇರೆ ದಾರಿಯಿರಲಿಲ್ಲ.

ಡೆಲ್ ಮರಾಂಗೋನಿಯ ಅಂಗಡಿಯಲ್ಲಿ ಎರೆಹುಳ, ಬಂದೂಕು, ಕ್ಷೌರ ಮೂರೂ ಒಂದೇ ಕೌಂಟರಿನಲ್ಲಿ ನಡೆಯುತ್ತವೆ. ಗಾಜಿನ ಪೆಟ್ಟಿಗೆಯ ಮೂಲೆಯಲ್ಲಿ ಒಂದು ಹಳೆಯ ರಿವಾಲ್ವರ್ ಮಲಗಿತ್ತು. ಮಲಗಿತ್ತು ಅನ್ನುವುದಕ್ಕಿಂತ ಅದರ ಭಾರಕ್ಕೆ ಪೆಟ್ಟಿಗೆಯ ತಳವೇ ಬಾಗಿತ್ತು ಎನ್ನುವುದು ಸರಿ. ಒಂದು ಗೇಣಿಗೂ ಮಿಕ್ಕಿದ ನಳಿಗೆ, ಹೆಬ್ಬೆರಳು ಗಾತ್ರದ ಗುಂಡು. ಪಕ್ಕದಲ್ಲೇ ಗುಂಡಿನ ಡಬ್ಬಿ.

ರೂಡಿ ತಿಳಿದವನಂತೆ ಅದನ್ನು ಎತ್ತಿ, ಗುಂಡು ತುಂಬುವ ಉರುಳೆಯನ್ನು ತಿರುಗಿಸಿ, ಅಲುಗಾಡಿಸಿ, ನಳಿಗೆಯೊಳಗೆ ಒಂದು ಕಣ್ಣಿಟ್ಟು ನೋಡಿದ. ಏನು ನೋಡಬೇಕೆಂದು ಗೊತ್ತಿಲ್ಲದ್ದರಿಂದ ಬಹಳ ಹೊತ್ತು ನೋಡಿದ.

"ಹೊಸದರ ಹಾಗಿದೆಯಲ್ಲ ಡೆಲ್?"

"ಹೊಸದೇ ಅನ್ನು. ನಾಲ್ಕು ಜನ ಮಾಲೀಕರು ಆಗಿದ್ದಾರೆ. ಎಲ್ಲ ಜೋಪಾನವಾಗಿ ಇಟ್ಕೊಂಡಿದ್ರು."

"ಡಬ್ಬಿಲಿ ಎಷ್ಟು ಗುಂಡಿದೆ?"

"ಐವತ್ತರ ಡಬ್ಬಿ. ನಲವತ್ತಾರು ಉಳಿದಿದೆ."

ನಾಲ್ಕು ಮಾಲೀಕರು, ನಾಲ್ಕು ಗುಂಡು. ಲೆಕ್ಕ ಬರುವವನಾಗಿದ್ದರೆ ರೂಡಿ ಅಲ್ಲೇ ನಿಲ್ಲುತ್ತಿದ್ದ. ಅವನು, "ಮಿತವಾಗಿ ಬಳಸಿದ್ದಾರೆ," ಎಂದು ಮೆಚ್ಚಿಕೊಂಡ.

ಮನೆಯಲ್ಲಿ ಐಲಾ ಮೆಚ್ಚಲಿಲ್ಲ. ಶಾಲೆಯ ಅಡುಗೆಮನೆಯಲ್ಲಿ ಇನ್ನೂರು ಮಕ್ಕಳಿಗೆ ಬೇಯಿಸುವ ಹೆಂಗಸು ಅವಳು. ಮಾತು ಕಡಿಮೆ, ಸೌಟು ಜಾಸ್ತಿ.

"ದೋಣಿಯ ಮೋಟಾರು ಕೊಟ್ಟು ಅದನ್ನ ತರ್ತೀಯಾ? ನಾನು ಸತ್ತ ಮೇಲೆ ತಾ."

ಎರಡು ವಾರ ರೂಡಿ ಡೆಲ್‌ನ ಅಂಗಡಿಗೆ ಹೋಗಿ ಗಾಜಿನ ಮೇಲೆ ಉಸಿರು ಬಿಟ್ಟು ಬಂದ. ಎರಡು ವಾರ ಐಲಾ ಸಾಯುವ ಲಕ್ಷಣ ತೋರಲಿಲ್ಲ.

ಆಗ ಕಂಪನಿಯ ಕಾಗದ ಬಂತು.

ಈ ಕಂಪನಿಯ ಬಗ್ಗೆ ಎರಡು ಮಾತು. ನಮ್ಮ ಅಜ್ಜಂದಿರ ಕಾಲದಲ್ಲಿ ಅದು ಗಣಿ ನಡೆಸಿತು. ಗಣಿ ಬರಿದಾದಾಗ ಮುಚ್ಚಿತು. ಅಪ್ಪಂದಿರ ಕಾಲದಲ್ಲಿ ಮರ ಕಡಿದು ಕಾಗದ ಮಾಡಿತು. ನಮ್ಮ ಕಾಲದಲ್ಲಿ ಅದನ್ನೂ ಮುಚ್ಚಿತು. ರೈಲು ನಿಂತಿತು, ಆಸ್ಪತ್ರೆ ಹೋಯಿತು. ಕಂಪನಿ ಕಾಗದ ತಯಾರಿಸುವುದನ್ನು ನಿಲ್ಲಿಸಿದರೂ ಕಾಗದ ಕಳಿಸುವುದನ್ನು ಮಾತ್ರ ನಿಲ್ಲಿಸಲಿಲ್ಲ. ಅದು ನಮಗೆ ಬಿಟ್ಟಿದ್ದು ಒಂದೇ: ಕಾಡಿನೊಳಗೆ ಒಂದೇ ರಸ್ತೆಯ ಉದ್ದಕ್ಕೂ ಮೂವತ್ತೊಂದು ಕ್ಯಾಂಪುಗಳು. ತಲಾ ಒಂದು ಮರದ ಕೋಣೆ, ಒಂದು ಒಲೆ, ನಾಲ್ಕು ಮಂಚ, ಹಬೆಸ್ನಾನದ ಒಂದು ಸೌನಾ ಗುಡಿಸಲು. ನೆಲ ಕಂಪನಿಯದು, ಗೇಣಿಯ ಮೇಲೆ ಕಟ್ಟಿಕೊಂಡವರು ನಮ್ಮ ಅಜ್ಜಂದಿರು. ಚಳಿಗಾಲಕ್ಕೆ ಬೇಕಾದ ಮಾಂಸ ಅಲ್ಲಿಂದಲೇ ಬರುತ್ತದೆ. ನಗುವೂ ಅಲ್ಲಿಂದಲೇ.

ಕಾಗದ ಮೂವತ್ತೊಂದು ಮನೆಗೂ ಬಂತು. ಕಾಡನ್ನು ಹೊರಗಿನ ಶ್ರೀಮಂತರ ಬೇಟೆ ಕ್ಲಬ್ಬೊಂದು ಕೊಳ್ಳುತ್ತಿದೆ. ಲಗತ್ತಿಸಿರುವ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿ ಕ್ಯಾಂಪು ಬಿಟ್ಟುಕೊಡಿ. ನವೆಂಬರ್ ಹದಿನಾಲ್ಕರ ಸಂಜೆ ಐದರೊಳಗೆ ಕಳಿಸಿದವರಿಗೆ ಒಂದು ಚೆಕ್ಕು. ಕಳಿಸದವರ ವಿಷಯದಲ್ಲಿ ಕಂಪನಿ ಸೂಕ್ತ ಕ್ರಮ ಕೈಗೊಳ್ಳುವುದು. ಬೇಟೆಯ ಋತು ಶುರುವಾಗುವುದು ಹದಿನೈದರ ಬೆಳಗ್ಗೆ. ಅಂದರೆ ಅಜ್ಜನ ಕಾಲದ ಬೇಟೆಯನ್ನು ಒಂದು ದಿನ ಮುಂಚೆ ಮುಗಿಸುವ ಏರ್ಪಾಡು.

ಊರು ಏನು ಮಾಡಿತು? ಘೋಷಣೆ ಕೂಗಿತೇ? ಮೆರವಣಿಗೆ ಹೊರಟಿತೇ? ಕಂಪನಿಯ ಗಣಿಯಲ್ಲಿ ಒಂಬತ್ತು ತಿಂಗಳು ಮುಷ್ಕರ ಹೂಡಿದವರ ಮೊಮ್ಮಕ್ಕಳು ಮೂವತ್ತು ಮಂದಿ ಒಬ್ಬರಿಗೊಬ್ಬರು ಹೇಳಿಕೊಳ್ಳದೆ, ಅಡುಗೆಮನೆಯ ಮೇಜಿನ ಮೇಲೆ ಸಹಿ ಹಾಕಿ, ಪತ್ರವನ್ನು ನಾಲ್ಕಾಗಿ ಮಡಚಿ ಜೇಬಿನಲ್ಲಿಟ್ಟುಕೊಂಡೆವು. ನಾವು ಕಳಿಸುವ ಮೊದಲು ಬೇರೆಯವರು ಕಳಿಸಲಿ, ಆಮೇಲೆ ನಾಚಿಕೆ ಕಡಿಮೆಯಾಗುತ್ತದೆ ಎಂದು ಕಾದೆವು. ಕಾಫಿ ಮೇಜಿನಲ್ಲಿ ಹವಾಮಾನದ ಬಗ್ಗೆ ಅಷ್ಟು ವಿವರವಾದ ಚರ್ಚೆ ಹಿಂದೆಂದೂ ನಡೆದಿರಲಿಲ್ಲ.

ಉಳಿದ ಒಬ್ಬ ರೂಡಿ. ಅವನು ಆ ಕಾಗದ ಓದಲೇ ಇಲ್ಲ.

ಅದಕ್ಕೆ ಕಾರಣ ಅವನ ಅಜ್ಜ ಹೈಕ್ಕಿ. ಮುಷ್ಕರದ ಕಾಲದಲ್ಲಿ, 'ಸಹಿ ಹಾಕಿ ಕೆಲಸಕ್ಕೆ ಬನ್ನಿ, ಎಲ್ಲ ಮರೆಯೋಣ' ಎಂಬ ಕಂಪನಿಯ ಕಾಗದವನ್ನು ನಂಬಿ ಹೈಕ್ಕಿ ಸಹಿ ಹಾಕಿದ. ಆ ಸಹಿಗಳನ್ನೇ ಪಟ್ಟಿ ಮಾಡಿ ಕಂಪನಿ ಅಷ್ಟೂ ಜನರನ್ನು ತೆಗೆದುಹಾಕಿತು. ಅಂದಿನಿಂದ ಪೆಲ್ಟೊಲಾ ಮನೆಯಲ್ಲಿ ಕಂಪನಿಯ ಲಕೋಟೆ ತೆರೆಯುವುದಿಲ್ಲ. ಅದು ನೇರ ಸೌನಾದ ಸೌದೆ ಪೆಟ್ಟಿಗೆಗೆ, ಶನಿವಾರ ಒಲೆಗೆ. ಮೂರು ತಲೆಮಾರು ಈ ವ್ರತ ನಡೆದಿದೆ. ಕಾರ್ಖಾನೆ ಮುಚ್ಚುವ ಸುದ್ದಿಯ ಲಕೋಟೆಯನ್ನೂ ರೂಡಿ ಒಲೆಗೆ ಹಾಕಿ, ಬೀಗ ಬಿದ್ದ ಕಾರ್ಖಾನೆಗೆ ಎರಡು ದಿನ ಬುತ್ತಿ ಕಟ್ಟಿಕೊಂಡು ಹೋಗಿದ್ದ.

ಈ ಲಕೋಟೆಯೂ ಮಂಗಳವಾರ ಸೌದೆ ಪೆಟ್ಟಿಗೆಗೆ ಬಿತ್ತು. ಬುಧವಾರ ಬೆಳಗ್ಗೆ ಐಲಾ ಗಂಜಿ ತಿರುವುತ್ತ ಹೇಳಿದಳು:

"ಆ ರಿವಾಲ್ವರ್ ತಗೋ."

ರೂಡಿ ಚಮಚ ಕೆಳಗಿಟ್ಟ. "ಯಾವ ರಿವಾಲ್ವರ್?"

"ಊರಲ್ಲಿ ಎಷ್ಟಿದೆ? ಹೋಗು, ಇವತ್ತೇ ತಗೋ. ಅದಕ್ಕೆ ಏನೇನು ಬೇಕೋ ಎಲ್ಲ ಹಾಕ್ಸು. ಚೆನ್ನಾಗಿ ಟೈಮ್ ತಗೊಂಡು ಹಾಕ್ಸು."

ಅವಳ ಮನಸ್ಸು ಯಾಕೆ ಬದಲಾಯಿತೆಂದು ರೂಡಿ ಕೇಳಲಿಲ್ಲ. ಊರೂ ಕೇಳಲಿಲ್ಲ. ಹೆಂಗಸರ ಮನಸ್ಸಿನಲ್ಲಿ ಏನಿದೆಯೆಂದು ಕೇಳುವ ಅಭ್ಯಾಸ ನಮ್ಮ ಗಂಡಸರಿಗೆ ಇದ್ದಿದ್ದರೆ ಈ ಕತೆ ಇಲ್ಲಿಗೇ ಮುಗಿಯುತ್ತಿತ್ತು.

ಶೆರಿಫ್ ಕಚೇರಿಯಿಂದ ಪರವಾನಗಿ ತಂದು, ದೋಣಿಯ ಮೋಟಾರನ್ನು ಡೆಲ್‌ನ ಅಂಗಡಿಯಲ್ಲಿ ಇಳಿಸಿ, ರೂಡಿ ಅದರ ಬದಲಿಗೆ ರಿವಾಲ್ವರ್ ತಂದ. ಕಾಗದ ಬಂದ ಮರುದಿನವೇ ಪೆಲ್ಟೊಲಾ ಫಿರಂಗಿ ಕೊಂಡನೆಂಬ ಸುದ್ದಿ ಮಧ್ಯಾಹ್ನದ ಹೊತ್ತಿಗೆ ಊರು ಸುತ್ತಿತು. ಕಾಫಿ ಮೇಜಿನಲ್ಲಿ ಹವಾಮಾನದ ಚರ್ಚೆ ಸಟ್ಟನೆ ನಿಂತಿತು.

"ಅವನು ಜಿಂಕೆಗೆ ಅಂತಾನೆ," ಎಂದ ಬುಚ್ ಮೆಲ್ಲಗೆ.

"ಜಿಂಕೆಗೆ ಅಷ್ಟು ದಪ್ಪ ಗುಂಡು ಯಾಕೆ?" ಎಂದೆ ನಾನು.

ಎಲ್ಲರ ಕೈಗಳೂ ತಮ್ಮ ತಮ್ಮ ಜೇಬಿನ ಮೇಲೆ ಹೋದವು. ಇನ್ನೆರಡು ದಿನ ನೋಡೋಣ, ರೂಡಿ ಏನು ಮಾಡುತ್ತಾನೋ ನೋಡಿಕೊಂಡು ಕಳಿಸೋಣ ಎಂದು ಮನಸ್ಸಿನಲ್ಲೇ ನಿರ್ಧರಿಸಿದೆವು.

ರೂಡಿ ಮಾಡುತ್ತಿದ್ದದ್ದು ಇಷ್ಟು. ಹಳೆಯ ಮರದ ಹಿಡಿ ಮೂರನೆಯ ಮಾಲೀಕನ ಕೈಯಲ್ಲಿ ಸೀಳಿತ್ತು. ಡೆಲ್ ಅದನ್ನು ತೆಗೆದು ರಬ್ಬರಿನ ಹಿಡಿ ಹಾಕಿದ. ರೂಡಿಯ ಕಣ್ಣಿಗೆ ನಳಿಗೆಯ ತುದಿಯ ಗುರಿಮುಳ್ಳು ಕಾಣುತ್ತಿರಲಿಲ್ಲವಾದ್ದರಿಂದ ಮೇಲೊಂದು ದುರ್ಬೀನು, ಅಂದರೆ ಸ್ಕೋಪು, ಕೂರಿಸಿದ. ಸ್ಕೋಪು ಕೂತ ಮೇಲೆ ಸೊಂಟದ ಒರೆಗೆ ಅದು ಹೋಗಲಿಲ್ಲ. ಆದ್ದರಿಂದ ಎದೆಯ ಮೇಲೆ ಅಡ್ಡಡ್ಡ ಕಟ್ಟುವ ಚರ್ಮದ ಒರೆ. ಒರೆಯ ಪಟ್ಟಿ ರೂಡಿಯ ಹೊಟ್ಟೆಯ ಸುತ್ತಳತೆ ಮುಟ್ಟಲಿಲ್ಲ. ಐಲಾ ಶಾಲೆಯ ಏಪ್ರನ್ನಿನ ಬಟ್ಟೆ ಸೇರಿಸಿ ಹೊಲಿದುಕೊಟ್ಟಳು. ಒಂದೊಂದು ಹೊಸ ಸಾಮಾನಿಗೂ ಒಂದೊಂದು ದಿನ. ಒಂದೊಂದು ದಿನಕ್ಕೂ ಊರಿನಲ್ಲಿ ಒಂದೊಂದು ಸುದ್ದಿ. ಎಲ್ಲ ಕಟ್ಟಿಕೊಂಡ ರೂಡಿ ಮುಂದಕ್ಕೆ ಬಾಗಿ ನಡೆಯತೊಡಗಿದ. ಊರು ಅದನ್ನು ದೃಢನಿರ್ಧಾರದ ನಡಿಗೆ ಎಂದು ತಿಳಿಯಿತು.

ಊರಿನ ನಡವಳಿಕೆಯೂ ಬದಲಾಯಿತು. ಅಂಚೆಯವಳು ಅವನನ್ನು ಕಂಡು ಎದ್ದು ನಿಂತಳು. ಡೆಲ್ ಪುಕ್ಕಟೆ ಕ್ಷೌರ ಮಾಡಿದ. ಬುಚ್‌ನ ಹೆಂಡತಿ ಮಾಂಸ, ಆಲೂಗಡ್ಡೆ ತುಂಬಿದ ಆರು ಪಾಸ್ಟಿ ಕಡುಬುಗಳನ್ನು ಬಟ್ಟೆಯಲ್ಲಿ ಸುತ್ತಿ ತಂದು, "ದೇವರು ನಿನ್ನ ಜೊತೆಗಿರ್ಲಿ ರೂಡಿ," ಎಂದು ಕಣ್ಣೊರೆಸಿಕೊಂಡು ಹೋದಳು.

"ನೋಡಿದ್ಯಾ ಐಲಾ," ಎಂದ ರೂಡಿ ಕಡುಬು ಕಚ್ಚುತ್ತ. "ಒಂದು ರಿವಾಲ್ವರ್ ಇಟ್ಕೊಂಡ್ರೆ ಜನ ಹೆಂಗೆ ಮರ್ಯಾದೆ ಕೊಡ್ತಾರೆ!"

"ತಿನ್ನು, ಆರಿ ಹೋಗುತ್ತೆ," ಎಂದಳು ಐಲಾ.

ಲುಥರನ್ ಚರ್ಚಿನ ಪಾದ್ರಿ ಲುಂಡ್ ಸ್ವತಃ ಮನೆಗೆ ಬಂದರು. ಎರಡು ಲೋಟ ಕಾಫಿ ಮುಗಿದರೂ ವಿಷಯಕ್ಕೆ ಬರಲಾಗಲಿಲ್ಲ.

"ರೂಡಿ, ಕೋಪ ಅನ್ನೋದು..." ಎಂದು ಶುರು ಮಾಡಿದರು.

"ಕೋಪವಾ? ನಂಗ್ಯಾಕೆ ಕೋಪ ಪಾದ್ರಿಗಳೇ! ಕೋಪದಲ್ಲಿ ಕೈ ನಡುಗುತ್ತೆ, ಗುರಿ ತಪ್ಪುತ್ತೆ."

ಪಾದ್ರಿಗಳ ಲೋಟ ತಟ್ಟೆಗೆ ತಾಗಿ ಕಣಕಣ ಎಂದಿತು. "ಮನಸ್ಸಿಗೆ... ನೋವಾಗಲ್ವಾ, ಒಂದು ಜೀವ..."

"ಒಂದೇ ಏಟು, ಸರಿಯಾದ ಜಾಗಕ್ಕೆ ಬಿದ್ರೆ ಅದಕ್ಕೂ ನೋವಿಲ್ಲ, ನಮಗೂ ನೋವಿಲ್ಲ. ಚಳಿಗಾಲ ಪೂರ್ತಿ ಊಟಕ್ಕಾಗುತ್ತೆ. ನಿಮಗೂ ಒಂದು ತೊಡೆ ಕಳಿಸ್ತೀನಿ."

ಪಾದ್ರಿಗಳು ಟೋಪಿ ಮರೆತು ಹೊರಟರು. ಆ ಭಾನುವಾರ ಅವರು ಮಾಡಿದ ಪ್ರವಚನದಷ್ಟು ಭಯಭಕ್ತಿಯಿಂದ ಕೂಡಿದ ಪ್ರವಚನವನ್ನು ನಾನು ಕೇಳಿಲ್ಲ.

ಇನ್ನು ರಿವಾಲ್ವರ್ ಹೊಡೆದು ನೋಡುವುದು ಬಾಕಿ. ಯಾರೂ ನೋಡಬಾರದೆಂದು ರೂಡಿ ಒಬ್ಬನೇ ಜಲ್ಲಿ ಗುಂಡಿಗೆ ಹೋಗಿ, ಊಟದ ಕಾಗದದ ತಟ್ಟೆಯೊಂದನ್ನು ಕಂಬಕ್ಕೆ ಅಂಟಿಸಿ, ಸ್ಕೋಪಿಗೆ ಕಣ್ಣು ಹತ್ತಿರವಿದ್ದಷ್ಟೂ ಚೆನ್ನಾಗಿ ಕಾಣುತ್ತದೆಂದು ಹಣೆಯನ್ನು ಮುಂದೆ ಚಾಚಿ, ಟ್ರಿಗರ್ ಒತ್ತಿದ.

ಶಬ್ದವನ್ನು ಊರು ಕೇಳಿತು. ಉಳಿದದ್ದನ್ನು ರೂಡಿಯೊಬ್ಬನೇ ಬಲ್ಲ. ರಿವಾಲ್ವರ್ ಕುದುರೆಯಂತೆ ಹಿಂದಕ್ಕೆ ಜಿಗಿದು, ಸ್ಕೋಪಿನ ಅಂಚು ಅವನ ಹುಬ್ಬಿನ ಮೇಲೆ ಅರ್ಧಚಂದ್ರ ಕೊರೆಯಿತು. ಅವನು ಜಲ್ಲಿಯ ಮೇಲೆ ಕೂತಿದ್ದ. ತಟ್ಟೆ ಬೆಳ್ಳಗೆ, ದುಂಡಗೆ, ಊಟಕ್ಕೆ ಸಿದ್ಧವಾಗಿತ್ತು.

ಡಬ್ಬಿಯಲ್ಲಿ ನಲವತ್ತೈದು ಉಳಿದವು. ಹಿಂದಿನ ನಾಲ್ವರು ಜೋಪಾನವಾಗಿ ಯಾಕೆ ಇಟ್ಟುಕೊಂಡಿದ್ದರೆಂದು ರೂಡಿಗೆ ಆಗ ಹೊಳೆಯಿತು.

ಮರುದಿನ ಹಣೆಗೆ ಬಿಳಿ ಪಟ್ಟಿ ಸುತ್ತಿಕೊಂಡು ಬಂದವನನ್ನು ಕಾಫಿ ಮೇಜು ತಿರುಗಿ ನೋಡಿತು.

"ಏನಾಯ್ತು?" ಎಂದ ಬುಚ್.

"ಏನಿಲ್ಲ. ಬಾಗಿಲು ತಗುಲ್ತು."

ಅವನು ಎದ್ದು ಹೋದ ಮೇಲೆ ಬುಚ್ ಹಲ್ಲು ಕಚ್ಚಿ ಹೇಳಿದ: "ಬಾಗಿಲಂತೆ! ಮುಷ್ಕರದಲ್ಲಿ ಇವನ ಅಜ್ಜಂಗೂ ಹಿಂಗೇ ಹೊಡೆಸಿದ್ರು. ಕಂಪನಿಯವರು ಜನ ಬಿಟ್ಟಿದಾರೆ. ಮನುಷ್ಯ ಬಾಯಿಬಿಡ್ಲಿಲ್ಲ ನೋಡು."

ಒಬ್ಬ ಮನುಷ್ಯ ನಮ್ಮೆಲ್ಲರ ಪರವಾಗಿ ಏಟು ತಿನ್ನುತ್ತಿದ್ದಾನೆ. ನಾವು ಜೇಬಿನಲ್ಲಿ ಸಹಿ ಇಟ್ಟುಕೊಂಡು ಏಲಕ್ಕಿ ಬ್ರೆಡ್ಡು ತಿನ್ನುತ್ತಿದ್ದೇವೆ. ಅಂಚೆ ಪೆಟ್ಟಿಗೆಯವರೆಗೆ ನಾನು ಎರಡು ಸಲ ಹೋಗಿ ವಾಪಸು ಬಂದೆ. ದಾರಿಯಲ್ಲಿ ಇನ್ನೂ ನಾಲ್ವರು ಹೀಗೇ ಹೋಗಿ ವಾಪಸು ಬರುತ್ತಿದ್ದರು. ಎಲ್ಲರೂ ಹವೆ ತಗೊಳ್ಳಲು ಬಂದವರೇ.

ಹದಿಮೂರರಂದು ರೂಡಿ ಡೆಲ್‌ನ ಮುಂದೆ ಗೋಗರೆದ: "ಇದನ್ನ ವಾಪಸು ತಗೋ ಮಾರಾಯ. ನನ್ನ ಮೋಟಾರು ಕೊಡು."

"ಹೆದರಬೇಡ. ಮೈಗೆ ರೂಢಿಯಾಗ್ಬೇಕು, ಅಷ್ಟೆ. ನಾಳೆ ಪೂರ್ತಿ ವೇಷ ಹಾಕ್ಕೊಂಡು ನೀನು ಬೇಟೆಗೆ ಕೂರೋ ಜಾಗದಲ್ಲೇ ಕೂತ್ಕೋ. ಗುಂಡು ಹಾಕ್ಬೇಡ, ಋತು ಶುರುವಾಗಿಲ್ಲ. ಒರೆ, ಕಿವಿಮುಚ್ಚಳ, ಕಿತ್ತಳೆ ಕೋಟು, ಎಲ್ಲ ಹಾಕ್ಕೊಂಡು ಅಲುಗಾಡ್ದೆ, ಮಾತಾಡ್ದೆ ಕೂತ್ಕೋ. ಕತ್ತಲಾಗೋ ಹೊತ್ತಿಗೆ ಅದು ನಿನ್ನ ಕೈಯೇ ಆಗಿರುತ್ತೆ."

ರೂಡಿಯ ಕ್ಯಾಂಪು ಸಾಲಿನಲ್ಲಿ ಮೊದಲನೆಯದು. ಅವನು ಬೇಟೆಗೆ ಕೂರುವ ಸೇಬಿನ ಮರ ಕ್ಯಾಂಪು ರಸ್ತೆಯ ಬಾಯಲ್ಲೇ ಇದೆ. ಅದರ ಪಕ್ಕದಲ್ಲೇ ಕಂಪನಿ ಸೆಪ್ಟೆಂಬರಿನಲ್ಲಿ ಹೊಸ ಕಬ್ಬಿಣದ ಗೇಟು ನಿಲ್ಲಿಸಿತ್ತು. ಬೀಗ ಹಾಕುವುದು ಹದಿನಾಲ್ಕರ ಸಂಜೆಯ ಕೆಲಸ.

ಹೀಗಾಗಿ ನವೆಂಬರ್ ಹದಿನಾಲ್ಕರ ಮಧ್ಯಾಹ್ನ, ಹಣೆಗೆ ಪಟ್ಟಿ, ಎದೆಗೆ ಫಿರಂಗಿ, ಕಿವಿಯೊಳಗೆ ಮೇಣದ ಬಿರಡೆ, ಅದರ ಮೇಲೆ ಉಣ್ಣೆಯ ಟೋಪಿ, ಅದರ ಮೇಲೆ ದಪ್ಪ ಕಿವಿಮುಚ್ಚಳ ಧರಿಸಿದ ರೂಡಿ ಪೆಲ್ಟೊಲಾ ಕಂಪನಿಯ ಗೇಟಿನ ಪಕ್ಕ ಮಡಚುವ ಕುರ್ಚಿಯಲ್ಲಿ ಕಲ್ಲಿನಂತೆ ಕೂತಿದ್ದ.

ಒಂದು ಗಂಟೆಗೆ ಬುಚ್‌ನ ಪಿಕಪ್ ಬಂದು ದೂರದಲ್ಲಿ ನಿಂತಿತು. ಎರಡಕ್ಕೆ ನನ್ನದು. ಮೂರಕ್ಕೆ ಮೂವತ್ತೂ. ಯಾರೂ ಯಾರನ್ನೂ ಕರೆದಿರಲಿಲ್ಲ. ಬೇಟೆ ಇಲಾಖೆಯ ಅಧಿಕಾರಿ ಟ್ರಿಶ್ ಬಂದಳು. ನೇರ ರೂಡಿಯ ಹತ್ತಿರ ಹೋಗಿ ಕೈಸನ್ನೆ ಮಾಡಿದಳು: ತೆಗೆದು ತೋರಿಸು. ರೂಡಿ ಉರುಳೆ ತೆರೆದು ತೋರಿಸಿದ. ಅವಳು ಬಗ್ಗಿ ನೋಡಿದಳು. ಆರೂ ತೂತು ಖಾಲಿ. ಅವಳ ತುಟಿ ಒಂದಿಷ್ಟು ಅಲುಗಿತು. ನಮ್ಮ ಕಡೆ ತಿರುಗಿ ಗಟ್ಟಿಯಾಗಿ ಹೇಳಿದಳು:

"ಕಾನೂನಿಗೆ ವಿರುದ್ಧ ಏನೂ ಇಲ್ಲ. ಅವನ ಜಾಗದಲ್ಲಿ ಅವನು ಕೂತಿದ್ದಾನೆ."

ಆರು ತೂತುಗಳ ವಿಷಯ ಹೇಳಲಿಲ್ಲ. ಅವಳ ಅಜ್ಜನ ಕ್ಯಾಂಪು ಇಪ್ಪತ್ತೆರಡನೆಯದು.

ನಾಲ್ಕು ಗಂಟೆಗೆ ಕಂಪನಿಯ ಮ್ಯಾನೇಜರ್ ಗ್ರೇಡನ್ ಬಂದ. ಅವನ ಬೂಟಿನ ಮೇಲೆ ಒಂದು ಚುಕ್ಕೆ ಕೆಸರಿರಲಿಲ್ಲ. ಟ್ರಿಶ್‌ಳ ಹಿಂದೆ ನಿಂತು, ಕಾಗದಗಳ ಚೀಲವನ್ನು ಎದೆಗೆ ಒತ್ತಿಕೊಂಡು ಕೂಗಿದ:

"ಮಿಸ್ಟರ್ ಪೆಲ್ಟೊಲಾ! ನಾವು ಸ್ನೇಹದಿಂದ ಮಾತಾಡೋಣ. ನಿಮಗೆ ಎರಡು ಪಟ್ಟು ಚೆಕ್ಕು ಕೊಡ್ತೀವಿ!"

ರೂಡಿಗೆ ಕಂಡದ್ದು ತೆರೆದು ಮುಚ್ಚುತ್ತಿದ್ದ ಒಂದು ಬಾಯಿ. ಬೇಟೆಯ ಹಿಂದಿನ ದಿನ ಸೇಬಿನ ಮರದ ಕೆಳಗೆ ಕೂತವನನ್ನು ಜಗತ್ತಿನಲ್ಲಿ ಯಾರೇ ಆಗಲಿ ಬೇರೇನು ಕೇಳುತ್ತಾರೆ? ಜಿಂಕೆ ಬಂತಾ ಅಂತ. ಬಂದಿರಲಿಲ್ಲ. ರೂಡಿ ಪ್ರಾಮಾಣಿಕವಾಗಿ, ನಿಧಾನವಾಗಿ ತಲೆಯಾಡಿಸಿದ: ಇಲ್ಲ.

ಮೂವತ್ತು ಪಿಕಪ್ಪುಗಳ ಕಿಟಕಿ ಗಾಜು ಕೆಳಗಿಳಿದವು.

"ಮೂರು ಪಟ್ಟು! ಜೊತೆಗೆ ಬೇರೆ ಕಡೆ ಜಾಗ!"

ಮತ್ತೆ ಅದೇ ಪ್ರಶ್ನೆ ಕೇಳುತ್ತಿದ್ದಾನಲ್ಲ, ಎಂಥ ಮನುಷ್ಯ ಎಂದು ರೂಡಿಗೆ ಬೇಸರವಾಯಿತು. ಇನ್ನೂ ಗಟ್ಟಿಯಾಗಿ ತಲೆಯಾಡಿಸಿದ: ಇಲ್ಲ.

"ನಿಮಗೇನು ಬೇಕು ನೀವೇ ಹೇಳಿ! ದಯವಿಟ್ಟು! ಕ್ಲಬ್ಬಿನವರ ದುಡ್ಡು ಐದು ಗಂಟೆವರೆಗೆ ಮಾತ್ರ!"

ರೂಡಿ ಮುಖವನ್ನೇ ಆಚೆ ತಿರುಗಿಸಿದ.

ಬುಚ್ ಪಿಕಪ್ಪಿನಿಂದ ಇಳಿದ. ಬಹಳ ಕಷ್ಟದ ಲೆಕ್ಕ ಬಿಡಿಸುವವನ ಮುಖ.

"ಒಂದ್ನಿಮಿಷ," ಎಂದ. "ಇವರು ನಮಗೆ ಅಪ್ಪಣೆ ಮಾಡಿದ್ದಲ್ವಾ? ಬಿಡಿ ಅಂದ್ರೆ ಬಿಡ್ಬೇಕು ಅಂತ?"

"ಹೌದು," ಎಂದೆ.

"ಅಪ್ಪಣೆ ಮಾಡೋನು ಯಾಕಯ್ಯಾ ಬೇಡ್ಕೊತಿದಾನೆ?"

ಆ ಮಾತು ಒಂದು ಪಿಕಪ್ಪಿನಿಂದ ಇನ್ನೊಂದಕ್ಕೆ ದಾಟಿತು. ಮೂವತ್ತು ಗಂಡಸರು, ನೂರು ವರ್ಷ ಕಂಪನಿಯ ಕಾಗದ ಓದಿದವರು, ಆ ಪ್ರಶ್ನೆಯನ್ನು ಮೊದಲ ಸಲ ಕೇಳಿಕೊಂಡೆವು. ಸಹಿ ಬೇಕು. ನಮ್ಮ ಸಹಿ ಇಲ್ಲದೆ ಅವರಿಗೆ ಆಗುವುದಿಲ್ಲ. ಆಗುವ ಹಾಗಿದ್ದರೆ ಚೆಕ್ಕು ಯಾಕೆ, ಚೀಲ ಯಾಕೆ, 'ದಯವಿಟ್ಟು' ಯಾಕೆ?

ಬುಚ್ ಜೇಬಿನಿಂದ ನಾಲ್ಕು ಮಡಿಕೆಯ ಪತ್ರ ತೆಗೆದು, ಬೆಂಕಿಕಡ್ಡಿ ಗೀರಿ ಅದಕ್ಕೆ ಉರಿ ಹೊತ್ತಿಸಿ, ಆ ಉರಿಯಿಂದ ಸಿಗರೇಟು ಹಚ್ಚಿಕೊಂಡ. "ಲೇ, ನೀನೂ ಹಾಕಿದ್ಯಾ ಸಹಿ?" ಎಂದು ಯಾರೋ ಕೇಳಿದರು. "ನೀನು ಹಾಕಿಲ್ವಾ ಕಳ್ಳ?" ಎಂದ ಬುಚ್. ಆಮೇಲೆ ಎಲ್ಲರ ಜೇಬಿನಿಂದಲೂ ಪತ್ರಗಳು ಹೊರಬಂದವು. ರಸ್ತೆಯ ಮೇಲೆ ಒಂದು ಸಣ್ಣ ಬೆಂಕಿಯಾಯಿತು. ಸಿಗರೇಟು ಸೇದದ ನಾನೂ ಒಂದು ಹಚ್ಚಿಕೊಂಡು ಕೆಮ್ಮಿದೆ.

ಐದು ಹೊಡೆಯಿತು. ಗ್ರೇಡನ್ ಕಾರು ಹತ್ತಿದ. ಬೀಗ ಅವನ ಚೀಲದಲ್ಲೇ ಉಳಿಯಿತು.

ಮಬ್ಬು ಕವಿಯಿತೆಂದು ರೂಡಿ ಕಿವಿಮುಚ್ಚಳ ತೆಗೆದ. ಮೂವತ್ತು ಜನ ಕುರ್ಚಿ ಸಮೇತ ಅವನನ್ನು ಎತ್ತಿ ಹಿಡಿದಿದ್ದರು.

"ಇಳಿಸ್ರೋ! ಏನಾಯ್ತು? ಜಿಂಕೆ ಬಂತಾ?"

ಮರುದಿನ ಬೇಟೆ. ರೂಡಿ ಅದೇ ಮರದ ಕೆಳಗೆ, ಅದೇ ವೇಷದಲ್ಲಿ ಕೂತ. ಏಳು ಗಂಟೆಗೆ ಎಂಟು ಕವಲಿನ ಕೊಂಬಿನ ಗಂಡು ಜಿಂಕೆ ಬಂತು. ಅವನ ಬೆನ್ನ ಹಿಂದೆ, ಮೂರು ಮಾರು ದೂರದಲ್ಲಿ. ಇಪ್ಪತ್ತು ನಿಮಿಷ ಸೇಬು ಅಗಿಯಿತು. ಕಿವಿಮುಚ್ಚಳದೊಳಗೆ ರೂಡಿ ಏನೂ ಕೇಳದೆ ಮುಂದೆಯೇ ನೋಡುತ್ತಿದ್ದ. ಪಕ್ಕದ ಕ್ಯಾಂಪಿನ ಕಿಟಕಿಯಿಂದ ಇದನ್ನು ಕಂಡ ಬುಚ್ ನಗು ತಡೆಯಲು ಕಂಬಳಿ ಕಚ್ಚಿಕೊಂಡನಂತೆ. ಜಿಂಕೆ ರೂಡಿಯ ಟೋಪಿಯನ್ನು ಒಮ್ಮೆ ಮೂಸಿ ಹೊರಟುಹೋಯಿತು.

ಸಂಜೆ ಎಲ್ಲರೂ ರೂಡಿಯ ಕ್ಯಾಂಪಿನಲ್ಲಿ ಸೇರಿದೆವು. ಬುಚ್ ಕತ್ತರಿ ಎತ್ತಿಕೊಂಡ. "ತಿರುಗಪ್ಪ ವೀರ. ನಾಲ್ಕನೇ ಅಂಗಿ."

"ಗುಂಡೇ ಹಾರಿಸಿಲ್ಲ ಕಣೋ! ಹಾರಿಸ್ದೇ ಇರೋನು ತಪ್ಪೋದೆಲ್ಲಿ?"

ನಿಯಮ ಅವನ ಕಡೆಗಿತ್ತು. ಈ ವಾದ ನಡೆದಿರುವಾಗ ಐಲಾ ಬಾಗಿಲು ತಳ್ಳಿಕೊಂಡು ಬಂದಳು. ಕೈಯಲ್ಲಿ ಹಿಟ್ಟಿನ ಹಳೆಯ ಡಬ್ಬ.

ಡಬ್ಬದಿಂದ ಮೊದಲು ಬಂದದ್ದು ಕಂಪನಿಯ ಲಕೋಟೆ. ಸೌದೆ ಪೆಟ್ಟಿಗೆಯಿಂದ ಅದನ್ನು ಎತ್ತಿ, ಅಡುಗೆಮನೆಯ ಕೆಟಲಿನ ಹಬೆಗೆ ಹಿಡಿದು ಬಿಚ್ಚಿ ಓದಿದ್ದಳು. ಎರಡನೆಯದು ಹಳದಿಗಟ್ಟಿದ ಒಂದು ಹಾಳೆ: ಅಜ್ಜ ಹೈಕ್ಕಿಯ ಕಾಲದ ಗೇಣಿ ಪತ್ರ, ನಾವೆಲ್ಲ ಎಂದೋ ಕಳೆದುಕೊಂಡದ್ದು. ಮೂವತ್ತೊಂದು ಮಂದಿಯೂ ತಾವಾಗಿ ಸಹಿ ಮಾಡಿ ಬಿಟ್ಟುಕೊಡದ ಹೊರತು ಈ ರಸ್ತೆಯನ್ನಾಗಲಿ, ಈ ಮನೆಗಳನ್ನಾಗಲಿ ಕಂಪನಿ ಮುಟ್ಟತಕ್ಕದ್ದಲ್ಲ ಎಂದು ಅದರಲ್ಲಿ ಬರೆದಿತ್ತು. ಒಮ್ಮೆ ಸಹಿ ಹಾಕಿ ಕೆಟ್ಟ ಮುದುಕ ಎರಡನೆಯ ಸಲ ಸಹಿಯನ್ನೇ ಬೇಲಿಯಾಗಿ ಕಟ್ಟಿದ್ದ.

ಐಲಾ ಎರಡನ್ನೂ ಗಟ್ಟಿಯಾಗಿ ಓದಿದಳು. ರೂಡಿ ಬಾಯಿ ತೆರೆದುಕೊಂಡು ಮಂಚದ ಮೇಲೆ ಕುಸಿದ. ಗೇಟು, ಗ್ರೇಡನ್, ಕಡುಬು, ಪಾದ್ರಿಗಳ ಲೋಟ, ಎಲ್ಲ ಒಂದೊಂದಾಗಿ ಅವನ ಮುಖದ ಮೇಲೆ ಹಾದುಹೋದವು.

"ಐಲಾ," ಎಂದ ಕೊನೆಗೆ, "ನಾನು ಆ ಕಂಪನಿ ಕಾಗದ ಓದಿದ್ರೆ ಆವತ್ತೇ ಸಹಿ ಹಾಕ್ಬಿಡ್ತಿದ್ದೆ."

"ಗೊತ್ತು. ಗೇಟಿಗೆ ಬೀಗ ಹಾಕೋಕೆ ಬಂದ್ರೆ ಈ ಹಾಳೆ ಹಿಡ್ಕೊಂಡು ನಾನೇ ಬರ್ತಿದ್ದೆ. ಅಲ್ಲೀವರೆಗೆ ನಿನ್ನ ಕೈಗೆ ಪೆನ್ನು ಸಿಗ್ಬಾರ್ದಿತ್ತು. ಯಾರು ಕಾಗದ ಮುಂದಿಟ್ರೂ ನಿನ್ನ ಕೈ ಬೇರೆ ಕೆಲಸದಲ್ಲಿರ್ಲಿ ಅಂತ್ಲೇ ರಿವಾಲ್ವರ್ ತಗೋ ಅಂದೆ."

"ನಮಗೊಂದು ಮಾತು ಹೇಳ್ಬಾರ್ದಿತ್ತಾ?" ಎಂದ ಬುಚ್.

"ನೀವೆಲ್ಲ ಸಹಿ ಹಾಕಿದೀರಿ ಅಂತ ನಂಗೇನು ಕನಸು ಬಿದ್ದಿತ್ತಾ? ಮುಷ್ಕರ ಮಾಡಿದವರ ಮೊಮ್ಮಕ್ಕಳು ಅಂದ್ಕೊಂಡಿದ್ದೆ."

ಐಲಾ ಬುಚ್‌ನ ಕೈಯಿಂದ ಕತ್ತರಿ ಕಿತ್ತುಕೊಂಡಳು.

"ಇವನು ಗುಂಡು ಹಾರಿಸಿಲ್ಲ, ಅಂಗಿ ಉಳೀತು. ನೀವು ಮೂವತ್ತು ಜನ ಹಾರಿಸಿದೀರಿ, ನಿಮ್ಮ ಕಾಲಿಗೇ. ಪುಣ್ಯಕ್ಕೆ ಗುರಿ ತಪ್ತು. ಗುರಿ ತಪ್ಪಿದೋರಿಗೆ ಇಲ್ಲಿ ಏನು ಮಾಡ್ತಾರೆ ಬುಚ್?"

ಬುಚ್ ತನ್ನ ಅಂಗಿಯ ಹಿಂತುದಿ ಹಿಡಿದುಕೊಂಡ.

"ತಿರುಗು," ಎಂದಳು ಐಲಾ.

ಮೂವತ್ತು ಮಂದಿ ಸಾಲಾಗಿ ತಿರುಗಿದೆವು. ಆ ಗೋಡೆಯಲ್ಲಿ ಜಾಗ ಸಾಲದೆ ತುಂಡುಗಳು ಈಗ ಛಾವಣಿಯವರೆಗೂ ಹೋಗಿವೆ. ಬಾಗಿಲ ಪಕ್ಕದ ಮೂರನೆಯದು, ಕಂದು ಚೌಕಳಿ, ನನ್ನದು. ಮೂವತ್ತನ್ನೂ ರೂಡಿಯೇ ಒಂದೊಂದಾಗಿ ಮೊಳೆ ಹೊಡೆದ. ಪ್ರತಿ ಮೊಳೆಗೂ ತನ್ನ ಅಂಗಿಯ ಹಿಂತುದಿ ಮುಟ್ಟಿ ನೋಡಿಕೊಳ್ಳುತ್ತಿದ್ದ. ಇದ್ದೇ ಇತ್ತು.

ರಿವಾಲ್ವರ್ ಡೆಲ್‌ನ ಗಾಜಿನ ಪೆಟ್ಟಿಗೆಗೆ ವಾಪಸಾಗಿದೆ. ಹಿಡಿ ಹೊಸದು, ಸ್ಕೋಪು ಹೊಸದು, ಒರೆಯ ಪಟ್ಟಿ ಎಂಥ ಹೊಟ್ಟೆಗೂ ಸಾಲುತ್ತದೆ. ಐದು ಜನ ಮಾಲೀಕರಾಗಿದ್ದಾರೆ. ಎಲ್ಲರೂ ಜೋಪಾನವಾಗಿ ಇಟ್ಟುಕೊಂಡಿದ್ದರು. ಡಬ್ಬಿಯಲ್ಲಿ ನಲವತ್ತೈದು ಗುಂಡುಗಳಿವೆ.